ಅದುರಿದ್ದು ಕಣ್ಣಲ್ಲ

"ಅರವತ್ತು ಸಾಲಲ್ಲ ಕಣಕ್ಕ, ಕಣ್ಣಿಗೆ ಗೊತ್ತಾಗುತ್ತೆ."

ಹೋದ ಭಾನುವಾರ ಬೇಲೂರಿನ ನಮ್ಮ ಮನೆಗೆ ಬಂದಿದ್ದ ತಮ್ಮ, ನಾನು ಕೊಟ್ಟ ಕಾಫಿಯನ್ನು ಆರಲು ಬಿಟ್ಟು, ಮೊಬೈಲಿನಲ್ಲಿ ಮಾನಿಟರ್‌ಗಳನ್ನು ಒಂದೊಂದಾಗಿ ಸರಿಸುತ್ತ ಹೇಳಿದ ಮಾತಿದು. ಮಗಳಿಗೆ ಕೊಡಿಸಬೇಕಂತೆ. ಅವಳು ಅದರಲ್ಲಿ ಪಾಠವನ್ನೂ ಓದುತ್ತಾಳೆ, ಗೇಮನ್ನೂ ಆಡುತ್ತಾಳೆ. ಪರದೆಯ ಮೇಲಿನ ಚಿತ್ರ ಸೆಕೆಂಡಿಗೆ ಅರವತ್ತು ಸಲ ಹೊಸದಾದರೆ ಸಾಲದು, ಇನ್ನೂ ಹೆಚ್ಚು ಬೇಕು ಎಂದು ನನಗೆ ವಿವರಿಸಿದ. ಅವನು, ನನಗೆ! ನಗು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ತಟ್ಟೆಯಲ್ಲಿದ್ದ ಕೋಡುಬಳೆಯೊಂದನ್ನು ಮುರಿದೆ, ಅಷ್ಟೆ.

ಈ ಅರವತ್ತರ ಪರಿಚಯ ನನಗೆ ಹಳೆಯದು. ಹೇಳುತ್ತೇನೆ, ಕೇಳಿ; ಆದರೆ ಪೂರ್ತಿ ನಂಬಬೇಡಿ. ನೊಂದ ನೆನಪು ತನಗೆ ಬೇಕಾದ ಸಾಕ್ಷಿಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಎರಡು ಸಾವಿರದ ಇಸವಿಯ ಆಸುಪಾಸು. ಕನ್ನಡ ಎಂ.ಎ. ಮುಗಿಸಿ ಅರಸೀಕೆರೆಗೆ ಮರಳಿದ್ದೆ. ಅಪ್ಪನದು ಕೊಬ್ಬರಿ ವ್ಯಾಪಾರ. ಅವರಿಗೆ ಪರಿಚಯವಿದ್ದ ಪ್ರೆಸ್ಸಿನ ಯಜಮಾನರು, "ಅಚ್ಚಿನ ಮೊಳೆ ಜೋಡಿಸೋ ಕಾಲ ಮುಗೀತು. ಕಂಪ್ಯೂಟರಲ್ಲಿ ಕನ್ನಡ ಕೂರಿಸೋರು ಬೇಕು. ನಿಮ್ಮ ಹುಡುಗಿ ಮನೇಲಿ ಕೈ ಪಳಗಿಸಿಕೊಂಡು ಬರಲಿ" ಎಂದಿದ್ದರು. ಆ ಕೆಲಸ ನನಗೆ ಎಷ್ಟು ಬೇಕಿತ್ತೆಂದರೆ, ಮನೆಗೆ ಬಂದ ಲಗ್ನಪತ್ರಿಕೆಗಳನ್ನೆಲ್ಲ ಹರಡಿಕೊಂಡು ಅಕ್ಷರಗಳ ಅಂದ ನೋಡುತ್ತ ಕೂರುತ್ತಿದ್ದೆ. ಮನೆಯವರು ಅದನ್ನು ಬೇರೆ ರೀತಿ ಅರ್ಥ ಮಾಡಿಕೊಂಡರು.

ಅಪ್ಪ, ತಮ್ಮ, ನಾನು ಕಂಪ್ಯೂಟರ್ ಕೊಳ್ಳಲು ಅಂಗಡಿಗೆ ಹೋದೆವು. ಅಂಗಡಿಯವನು ಹಿಂದುಗಡೆ ಗೂನು ಬೆನ್ನಿರುವ ಎರಡು ಮಾನಿಟರ್‌ಗಳನ್ನು ಪಕ್ಕಪಕ್ಕ ಹಚ್ಚಿಟ್ಟ. ಹದಿನೈದು ಇಂಚಿನದು ಒಂದು, ಹದಿನೇಳು ಇಂಚಿನದು ಒಂದು. ದೊಡ್ಡದರಲ್ಲಿ ಕಾರು ಓಡಿಸುವ ಆಟ. "ಇದು ಗೇಮಿಗೂ ಸೈ, ದಿನಬಳಕೆಗೂ ಸೈ, ತಗೊಳ್ಳಿ ಸಾರ್" ಎಂದ. ಗೇಮು ಎಂದರೆ ಆಗತಾನೆ ಕಾಲೇಜು ಸೇರಿದ್ದ ತಮ್ಮ. ದಿನಬಳಕೆ ಎಂದರೆ ನಾನು.

"ದೊಡ್ಡದು ಅದುರ್ತಾ ಇದೆ ಅಪ್ಪ" ಎಂದೆ.

ನೇರ ನೋಡಿದರೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಪಕ್ಕದ ಸಣ್ಣದನ್ನು ನೋಡುವಾಗ ಕಡೆಗಣ್ಣಿಗೆ, ಕೆಡುತ್ತಿರುವ ಟ್ಯೂಬ್‌ಲೈಟಿನ ಹಾಗೆ ಬಡಿಯುತ್ತಿತ್ತು. ಕಡೆಗಣ್ಣಿಗೆ ಕಾಣುವುದನ್ನು ಕಡೆಗಣಿಸುವುದು ಸುಲಭ. ಅಪ್ಪ ಎದ್ದು ಮಾನಿಟರಿನ ತಲೆಯ ಮೇಲೆ ಅಂಗೈ ಇಟ್ಟರು. ಒಣಗಿದ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುವವರು ಅವರು. ಅದುರುವುದೆಂದರೆ ಕೈಗೆ ಸಿಗಬೇಕು, ಕಿವಿಗೆ ಕೇಳಬೇಕು.

"ಎಲ್ಲಿ ಅದುರ್ತೈತೆ? ಕಲ್ಲು ಕೂತಂಗೆ ಕೂತೈತಲ್ಲ!"

"ಸಣ್ಣದ್ರಲ್ಲಿ ಗೇಮ್ ಆಡೋದು ಅಂದ್ರೆ ಬೀಗದ ಕಿಂಡೀಲಿ ಸಿನಿಮಾ ನೋಡ್ದಂಗೆ ಕಣಕ್ಕ" ಎಂದ ತಮ್ಮ. ಎಲ್ಲರೂ ನಕ್ಕರು. ನಾನೂ ನಕ್ಕಿರಬೇಕು. ಆ ನಗುವನ್ನು ಇಂದಿಗೂ ಕ್ಷಮಿಸಿಕೊಂಡಿಲ್ಲ.

ದೊಡ್ಡದೇ ಮನೆಗೆ ಬಂತು, ಕುಂಕುಮ ಹಚ್ಚಿಸಿಕೊಂಡಿತು. ತಮ್ಮನ ಆಟದಲ್ಲಿ ರಸ್ತೆ ಕಪ್ಪು, ಆಕಾಶ ಕಪ್ಪು, ಅದುರುವುದು ಅವನಿಗೆ ಕಾಣಲಿಲ್ಲ. ನನ್ನದು ಬಿಳಿ ಹಾಳೆ, ಉದ್ದಕ್ಕೂ ಬಡಿತ. ಒಂದು ಆಮಂತ್ರಣ ಕೂರಿಸುವಷ್ಟರಲ್ಲಿ ಹುಬ್ಬಿನ ಮೇಲೆ ನೋವು ಏಳುತ್ತಿತ್ತು, ಆಮೇಲೆ ವಾಂತಿ. ನಾನು ಅಂದು ಬರೆಯುತ್ತಿದ್ದ ದಿನಚರಿಯಲ್ಲಿ ಇದರ ಸುದ್ದಿಯೇ ಇಲ್ಲ. ಬರೆಯಲಾಗದಷ್ಟು ನೋವಿತ್ತೋ, ಬರೆಯುವಷ್ಟು ಇರಲಿಲ್ಲವೋ, ಈಗ ಯಾರನ್ನು ಕೇಳಲಿ?

ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯಿಂದ ಬಂದಿದ್ದ ಅಜ್ಜಿ ಹತ್ತಿರ ಕೂತು ವಿಚಾರಿಸಿದರು.

"ಅದುರ್ತೈತೆ ಅಂದ್ಯಂತೆ. ಯಾವ ಕಣ್ಣವ್ವ?"

"ಕಣ್ಣಲ್ಲಜ್ಜಿ, ಪರದೆ."

"ನಾಚ್ಕಬೇಡ, ಹೇಳೇ. ಎಡಗಣ್ಣಾದ್ರೆ ಹೆಣ್ಮಕ್ಳಿಗೆ ಒಳ್ಳೇದು. ಗಂಡು ಬತ್ತೈತೆ."

"ಅಯ್ಯೋ, ಅದುರ್ತಿರೋದು ಆ ಗಾಜು!"

"ನಮ್ಮೂರ ಬಸದಿ ಕಂಬದಾಗೂ ಮುಖ ಕಾಣ್ತೈತೆ, ಅದೇನು ಅದುರ್ತದಾ? ನಿನ್ನ ಕಣ್ಣೇ ಕಣೇ ಅದುರಾದು."

ವ್ಯಾಕರಣ ಓದಿದವಳು ನಾನು. ನನ್ನ ಕಣ್ಣೆದುರೇ ಕ್ರಿಯಾಪದ ಹಾಗೆಯೇ ಉಳಿದು ಕರ್ತೃಪದ ಬದಲಾಗಿಹೋಯಿತು. ಅಂದಿನಿಂದ ಮನೆಯಲ್ಲಿ ಮಾನಿಟರ್ ಅದುರಲಿಲ್ಲ, ನನ್ನ ಕಣ್ಣು ಅದುರಿತು. ಹಾಸನದ ಕಣ್ಣಿನ ಡಾಕ್ಟರು ಪರೀಕ್ಷಿಸಿ ಏನೂ ತೊಂದರೆಯಿಲ್ಲ ಎಂದರು. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಪ್ಪ, "ಆ ಕಂಪ್ಯೂಟರ್ ಟೀವಿನೂ ಸರಿಯಾಗೈತೆ, ಕಣ್ಣೂ ಸರಿಯಾಗೈತೆ. ಇನ್ನು ಸರಿ ಇಲ್ದಿರೋದು ಯಾವ್ದು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯದೆ ಕೇಳಿದರು. ಅದೇ ಹೆಚ್ಚು ಚುಚ್ಚಿತು.

ಪ್ರೆಸ್ಸಿನ ಯಜಮಾನರು ಮನೆಗೆ ಬಂದ ದಿನ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ. "ಅವಳ ಕಣ್ಣಿಗೆ ಆಗಲ್ಲ ಬಿಡಿ, ಬೇರೆಯವರ್ನ ನೋಡ್ಕಳಿ" ಎಂದರು ಅಪ್ಪ. ನಾನು ಕಾಫಿ ಕೊಟ್ಟು ಒಳಗೆ ಹೋದೆ. ಅಷ್ಟರಲ್ಲಿ ನನಗೂ ಹಾಗೆಯೇ ಅನ್ನಿಸತೊಡಗಿತ್ತು. ಬೇರೆಯವಳು ಸಿಕ್ಕಿದಳು. ಮುಂದೆ ನನ್ನ ಲಗ್ನಪತ್ರಿಕೆ ಕೂರಿಸಿದ್ದೂ ಅವಳೇ. ನನ್ನ ಹೆಸರಿನಲ್ಲಿ ಒಂದು ಒತ್ತಕ್ಷರ ತಪ್ಪಿತ್ತು.

ಮದುವೆಯಾಗಿ ಬೇಲೂರಿಗೆ ಬಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಅಲ್ಲಿನ ಆಫೀಸಿನಲ್ಲೂ ಅದೇ ಗೂನು ಬೆನ್ನಿನ ಮಾನಿಟರ್. ಆದರೆ ಅದು ಅದುರಲಿಲ್ಲ. ಕುತೂಹಲಕ್ಕೆ ಅದರ ಸೆಟ್ಟಿಂಗ್ ತಡಕಾಡಿದೆ. ಚಿತ್ರ ಸೆಕೆಂಡಿಗೆ ಎಂಬತ್ತೈದು ಸಲ ಹೊಸದಾಗುತ್ತದೆ ಎಂದಿತ್ತು. ಅರವತ್ತಕ್ಕೆ ಇಳಿಸಿದೆ. ಅದೇ ಬಡಿತ, ಹುಬ್ಬಿನ ಮೇಲೆ ಅದೇ ನೋವು. ಮತ್ತೆ ಎಂಬತ್ತೈದು ಮಾಡಿದೆ, ನಿಂತಿತು. ಬದಲಾಯಿಸಬೇಕಾಗಿದ್ದದ್ದು ಇಷ್ಟೇ. ಆಫೀಸಿನಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಯಾರಿಗೆಂದು ತೋರಿಸಲಿ?

ತಮ್ಮನಿಗೆ ಆಗಲೇ ಗೊತ್ತಿತ್ತೇ? ಚಿತ್ರ ಚೆನ್ನಾಗಿ ಕಾಣಲೆಂದು ಅವನು ಸೆಟ್ಟಿಂಗಿನಲ್ಲಿ ಏನೋ ಬದಲಾಯಿಸುತ್ತಿದ್ದುದು, ನಾನು ಒಳಗೆ ಬಂದಾಗ ಆ ಪುಟ ಮುಚ್ಚಿದ್ದು ನೆನಪಿದೆ. ಅದು ನೋಡಿದ್ದೋ, ನಂತರ ನಾನೇ ಹೆಣೆದದ್ದೋ, ಆಣೆ ಮಾಡಿ ಹೇಳಲಾರೆ.

ಭಾನುವಾರ ಅವನನ್ನು ಕೇಳಿದ್ದು ಬೇರೆ.

"ಯಾವ ಕಣ್ಣಿಗೆ ಗೊತ್ತಾಗುತ್ತೋ?"

ಜೋರಾಗಿ ನಕ್ಕ. "ಅಜ್ಜಿ ಕೇಳ್ದಂಗೇ ಕೇಳ್ತೀಯಲ್ಲಕ್ಕ! ನಮ್ಮ ಹುಡುಗಿ ಕಣ್ಣಿಗೆ. ಅಂಗಡೀಲಿ ನೋಡಿ ಅವಳೇ ಹೇಳಿದ್ಲು. ನಂಗಂತೂ ಒಂದು ಚೂರೂ ವ್ಯತ್ಯಾಸ ಕಾಣ್ಲಿಲ್ಲ. ಅವಳಿಗೆ ಕಾಣುತ್ತಲ್ಲ, ಸಾಕು."

ಸಾಕು. ಇಷ್ಟು ವರ್ಷ ನಾನು ಕಾದ ಮಾತು ಇಷ್ಟು ಚಿಕ್ಕದೆಂದು ತಿಳಿದಿರಲಿಲ್ಲ. ಆ ಹುಡುಗಿಯ ಬಗ್ಗೆ ಸಂತೋಷವಾಯಿತು. ಸಂತೋಷದ ಜೊತೆಗೇ ಹೊಟ್ಟೆಯೂ ಉರಿಯಿತು.

"ನಿಂಗೆ ಗೊತ್ತಾಗಲ್ಲ ಬಿಡು, ನಿಂದು ಮೊದಲಿಂದ್ಲೂ ಕಣ್ಣಿನ ಪ್ರಾಬ್ಲಮ್ಮು" ಎಂದ ತಮ್ಮ.

"ನನ್ನ ಕಣ್ಣು ಸರಿಯಾಗಿತ್ತು" ಎಂದೆ.

"ಹೂಂ" ಎಂದು ಮುಂದಿನ ಮಾನಿಟರ್ ಸರಿಸಿದ.

ಅವನ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಬಿಸಿ ಮಾಡಿ ತರಲು ಏಳುವುದು ನನ್ನ ಅಭ್ಯಾಸ. ಏಳಲಿಲ್ಲ.