ಹವಾಲ್ದಾರರ ಬರ್ಗರ್

ರಾಣೆಬೆನ್ನೂರು ಬಸ್‌ ನಿಲ್ದಾಣದ ಎದುರಿನ ಬೇಕರಿಗೆ ಸಂಜೆಯಾಗುತ್ತಲೇ ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬರುವವರು ಸೈನ್ಯದಿಂದ ನಿವೃತ್ತರಾದ ಹವಾಲ್ದಾರ ನಿಂಗನಗೌಡರು. ಎರಡು ಸಾವಿರದ ಐದರ ಯುಗಾದಿಗೆ ಬೇಕರಿಯವನು ಬನ್ನು ಸೀಳಿ, ಒಳಗೊಂದು ಬಟಾಟೆ ವಡೆ ತುರುಕಿ, ‘ಬರ್ಗರ್’ ಎಂದು ಬೋರ್ಡು ಬರೆಸಿದಂದಿನಿಂದ ಅವರು ಖಾಯಂ ಗಿರಾಕಿ. ಮೊದಲ ತುತ್ತಿಗೇ, “ಇದೇನ್ ಬರ್ಗರ್ರೀ? ಅಂಬಾಲಾ ಸ್ಟೇಶನ್‌ದಾಗ ಸಿಗೋದು ಇದಕ್ಕಿಂತ ಹೊಲಸ ಇರ್ತಿತ್ತು!” ಎಂದು ಹೆಮ್ಮೆಯಿಂದ ಸಾರುವರು. ಅಲ್ಲಿಂದ ಮಾತು ಗಡಿಯ ಬೆಟ್ಟ ಹತ್ತುವುದು: ಡಬ್ಬಿಯ ಹಲ್ವಾ ಕೊರೆಯಲು ಬಂದೂಕಿನ ಬಯೋನೆಟ್ಟೇ ಬೇಕಿತ್ತಂತೆ, ರೇಷನ್ ಪೊಟ್ಟಣದ ಶಂಕರಪಾಳಿಗೆ ಗುಂಡು ಹೊಡೆದರೆ ಗುಂಡೇ ಚಪ್ಪಟೆಯಾಗುತ್ತಿತ್ತಂತೆ. ಹೆಂಡತಿ ಸುರೇಖಾ ತುಪ್ಪ ಸುರಿದು ಶಂಕರಪಾಳಿ ಮಾಡಿಕೊಟ್ಟರೆ, “ಬಾಯಾಗ ಇಟ್ರ ಕರಗತೈತಿ, ಇದೆಂಥಾ ಶಂಕರಪಾಳಿ?” ಎಂದು ಮುಖ ಗಂಟಿಕ್ಕುವರು. ಬೇಕರಿಯಲ್ಲಿ ಅವರಿಗೆ ಎದುರಾಡುವವರಿಲ್ಲ, ಜೊತೆಗೂಡಿ ಬೈಯುವವರೂ ಇಲ್ಲ. “ಖರೇ ಐತ್ರಿ ಸಾಹೇಬ್ರ” ಎಂದು ಎಲ್ಲರೂ ಗೌರವದಿಂದಲೇ ದೂರ ಸರಿಯುವರು. ಮೊನ್ನೆ ಕಾಗಿನೆಲೆ ಬಸ್ಸಿಗೆ ಕಾಯುತ್ತಿದ್ದ ಅಪರಿಚಿತನೊಬ್ಬ ಪಕ್ಕದಲ್ಲಿ ನಿಂತು ಬರ್ಗರ್ ಕಚ್ಚಿದವನೇ, “ಥೂ ಇದರೌನ, ಬನ್ನೋ ಬೀಸೂಕಲ್ಲೋ!” ಎಂದು ಬೈದ. ಗೌಡರ ಮುಖ ಅರಳಿತು. ಅಂದು ಗಡಿಯ ಹಿಮದಲ್ಲಿ, ಒಂದೇ ಡೇರೆಯೊಳಗೆ, ಇಡೀ ತುಕಡಿ ಹೀಗೆಯೇ ಒಂದೇ ಬಾಯಲ್ಲಿ ಬೈಯುತ್ತ, ಬಿದ್ದು ಬಿದ್ದು ನಗುತ್ತ ತಿಂದು ಮುಗಿಸುತ್ತಿತ್ತು. “ಬೈರಿ, ಇನ್ನೊಂದೀಟ ಬೈರಿ! ಕುಂದರ್ರಿ, ಚಾ ನಾ ಹೇಳ್ತೇನಿ,” ಎಂದು ಎರಡು ಚಹಾ ಹೇಳಿ, ಬೆಂಚಿನ ತುದಿಗೆ ಸರಿದು ಜಾಗ ಮಾಡಿದರು. ಅಷ್ಟರಲ್ಲಿ ಬಸ್ಸು ಬಂತು, ಅವನು ಓಡಿದ. ಆಮೇಲೆ ಚಹಾ ಬಂತು. ಗೌಡರು ಎರಡೂ ಕಪ್ಪು ತಾವೇ ಕುಡಿದರು, ಒಂದನ್ನೂ ಬೈಯಲಿಲ್ಲ.