ಇಮಾಮಸಾಬರ ಎಲೆ

ವೀಳ್ಯದೆಲೆ ಕೈಗೆ ಬಂದರೆ ನಾನು ಮೊದಲು ಅದನ್ನು ಮೂಸಿ ನೋಡುತ್ತೇನೆ. ಮದುವೆಮನೆಯಲ್ಲಿ ಪಕ್ಕ ಕುಳಿತವರು ನಗುತ್ತಾರೆ; ನಗಲಿ. ಎಳೆಯ ಎಲೆಯ ಆ ಹಸಿ ಘಾಟಿನ ಹಿಂದೆಯೇ ಕುದುರೆಯ ಬೆವರು, ಎಣ್ಣೆ ಕುಡಿದ ತೊಗಲಿನ ಜೀನು, ಬೆಂದ ಹುರಳಿಯ ಹಬೆ ಎಲ್ಲ ಬರಬೇಕೆಂದು ನನ್ನ ಮೂಗು ಇಂದಿಗೂ ಹಟ ಹಿಡಿಯುತ್ತದೆ. ಬರುವುದಿಲ್ಲ. ಆ ಲಾಯ ಬಿದ್ದುಹೋಗಿದೆ, ಆ ಮನೆಯೂ ಇಲ್ಲ, ನನಗೆ ಕುದುರೆ ಸವಾರಿ ಕಲಿಸಿದ ಇಮಾಮಸಾಬರು ಹೋಗಿ ಒಂದು ಆಯುಷ್ಯವೇ ಕಳೆಯಿತು. ಯಾರಿಗೂ ಹೇಳದೆ ಹುಡುಕುವ ಇಂಥದೊಂದು ವಾಸನೆ ನಿಮಗೂ ಇದ್ದೀತು.

ಸವಣೂರಿನಲ್ಲಿ ಇನ್ನೂ ನವಾಬರ ಆಳಿಕೆಯಿದ್ದ ದಿನಗಳು. ಅಲ್ಲಿಯ ಲಾಯಗಳಲ್ಲಿ ಕುದುರೆ ಪಳಗಿಸಿ ಹೆಸರಾಗಿದ್ದ ಇಮಾಮಸಾಬರನ್ನು ಅಪ್ಪ ನಮ್ಮೂರಿಗೆ ಕರೆಸಿದ್ದು ಅಣ್ಣನಿಗೆ ಕಲಿಸಲೆಂದು. ಅಣ್ಣ ಕುದುರೆ ಸೀನಿದ್ದಕ್ಕೇ ಹೆದರಿ ಒಳಗೆ ಓಡಿದ. ಅವನ ಪೈಜಾಮ ಹಾಕಿಕೊಂಡು ನಾನು ಹತ್ತಿದೆ. ಇಮಾಮಸಾಬರ ಪಾಠದಲ್ಲಿ ಕೋಲಿರಲಿಲ್ಲ, ಬೈಗುಳವಿರಲಿಲ್ಲ, ಸವಣೂರಿನ ಎಲೆಯಿತ್ತು. ನನ್ನ ಮೊಣಕಾಲಿಗೂ ಜೀನಿಗೂ ನಡುವೆ ಒಂದು ಎಲೆ ಸಿಕ್ಕಿಸಿ, "ಇದು ಬೀಳಬಾರ್ದು, ಹರೀಲೂಬಾರ್ದು ತಂಗಿ. ಹಿಡೀಬೇಕು, ಹಿಚುಕಬಾರ್ದು," ಎನ್ನುತ್ತಿದ್ದರು. ಸುತ್ತು ಮುಗಿಸಿ ಬಂದಾಗ ಎಲೆ ಬಿದ್ದಿದ್ದರೆ ಮಾತಿಲ್ಲದೆ ಮತ್ತೊಂದು ಸುತ್ತು. ಉಳಿದಿದ್ದರೆ ಕೈ ಚಾಚಿ ಅದನ್ನು ತೆಗೆದುಕೊಂಡು, ಹೆಗಲ ವಸ್ತ್ರಕ್ಕೆ ಒರೆಸಿ, ಸುಣ್ಣ ಸವರಿ, ತಾವೇ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ ಮೆಲ್ಲುವರು. ಅವರ ಶಹಬ್ಬಾಸ್‌ಗಿರಿ ಅಷ್ಟೇ. ನನಗೂ ಒಂದು ಕೊಡಿರೆಂದರೆ, ಮದುವೆಯಾಗದ ಹುಡುಗಿ ಎಲೆ ತಿಂದರೆ ಅಜ್ಜಿ ಇಬ್ಬರನ್ನೂ ಊರು ಬಿಡಿಸುತ್ತಾಳೆ ಎಂದು ನಗುತ್ತಿದ್ದರು.

ನಾನು ಏರುತ್ತಿದ್ದ ಬಿಳಿ ಹೆಣ್ಣುಕುದುರೆ ಚಾಂದ್ನಿಯ ಕಣ್ಣಿನ ಕೆಳಗೆ ಒಂದು ಸುಳಿಯಿತ್ತು. ಅಂಥ ಸುಳಿಯ ಕುದುರೆ ಸಾಕಿದವರನ್ನು ಅಳಿಸುತ್ತದೆಂದು ಅಜ್ಜಿಯ ನಂಬಿಕೆ. ನನ್ನ ನೆತ್ತಿಯಲ್ಲಿ ಎರಡು ಸುಳಿ. ಅದಕ್ಕೂ ಅವಳ ಬಳಿ ಒಂದು ಮಾತಿತ್ತು, ಇವಳ ಗಂಡ ಬಾಳುವುದಿಲ್ಲ ಎಂದು. ನನ್ನ ಯಜಮಾನರು ಎಂಬತ್ತು ದಾಟಿ ಬಾಳಿದರು, ಅದು ಬೇರೆ. ಆದರೆ ಆಗ ಅಜ್ಜಿ ದಿನವೂ ಎಣ್ಣೆ ಹಚ್ಚಿ, ಬಂದವರ ಕಣ್ಣಿಗೆ ಬೀಳದ ಹಾಗೆ ಬಿಗಿದು ಬಾಚುವಳು. "ಸುಳಿ ಅಂದ್ರ ಕೂದ್ಲಾ ತಿರುಗೇತಿ, ಅಷ್ಟರೀ ಅವ್ವಾರ. ಹಣೇಬಾರ ಕೂದ್ಲದಾಗ ಇರಂಗಿಲ್ರಿ," ಎಂದು ಇಮಾಮಸಾಬರು ಒಮ್ಮೆ ಅಂಗಳದಲ್ಲಿ ನಿಂತೇ ಅಜ್ಜಿಗೆ ಹೇಳಿಬಿಟ್ಟರು. ನನ್ನ ಪರವಾಗಿ ಆ ಮನೆಯಲ್ಲಿ ಯಾರೂ ಅಷ್ಟು ಗಟ್ಟಿಯಾಗಿ ಮಾತಾಡಿರಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ಅವರು ಶಿಗ್ಗಾಂವದಿಂದ ಚಾಂದ್ನಿಯ ಮೇಲೆ ಬರುತ್ತ, ಹತ್ತಿರವಾಗಲೆಂದು ದಾರಿ ಬಿಟ್ಟು ನಮ್ಮ ಎರೆಹೊಲಕ್ಕೆ ಇಳಿದರು. ಬಿಸಿಲಿಗೆ ಆ ಕರಿನೆಲ ಬಾಯಿ ಬಿಟ್ಟಿತ್ತು. ಓಡುವ ಕುದುರೆಯ ಮುಂಗಾಲು ಬಿರುಕಿನಲ್ಲಿ ಸಿಕ್ಕಿತು. ಇಮಾಮಸಾಬರು ಹಾರಿ ಬದುವಿನ ಕಲ್ಲಿನ ಮೇಲೆ ಬಿದ್ದರು. ನಾವು ಓಡಿಹೋಗುವಷ್ಟರಲ್ಲಿ ಉಸಿರು ನಿಂತಿತ್ತು. ಚಾಂದ್ನಿ ಉಳುಕಿದ ಕಾಲು ಎತ್ತಿಕೊಂಡು ನಿಂತು ಅವರ ರುಮಾಲು ಮೂಸುತ್ತಿದ್ದಳು. ಮಣ್ಣು ಮಾಡಿ ಬಂದ ಸಂಜೆಯೇ ಊರಿನ ಕಟ್ಟೆಗಳ ಮೇಲೆಲ್ಲ ಸುಳಿಯದೇ ಮಾತು. "ಆ ಅನಿಷ್ಟ ನನ್ನ ಕಣ್ಣಿಗೆ ಬೀಳಬಾರ್ದು. ಅಕ್ಕಿಆಲೂರ ಸಂತಿಗೆ ಹೊಡದು ಮಾರಿಬಿಡ್ರಿ," ಎಂದಳು ಅಜ್ಜಿ. ಅಪ್ಪ ಹೂಂ ಅಂದರು. ನನಗೆ ಮೈಯೆಲ್ಲ ಉರಿಯಿತು. ಚಾಂದ್ನಿ ಹೋದರೆ ಇಮಾಮಸಾಬರ ಮಾತು ಸುಳ್ಳಾಗಿ ಅಜ್ಜಿಯದು ನಿಜವಾಗುತ್ತಿತ್ತು. ಆಮೇಲೆ ನನ್ನ ನೆತ್ತಿಯ ಸರದಿ.

"ಚಾಂದ್ನಿಗೆ ಒಂದ ಸುಳಿ, ನನಗ ಎರಡು ಅದಾವ. ನನ್ನೂ ಸಂತಿಗೆ ಹೊಡೀರಿ," ಎಂದೆ. ಅಜ್ಜಿ ಕಪಾಳಕ್ಕೆ ಬಿಟ್ಟಳು. ನಾನು ಅಳಲಿಲ್ಲ. ಅಪ್ಪನ ಕೈ ಹಿಡಿದು ಹೊಲಕ್ಕೆ ಎಳೆದುಕೊಂಡು ಹೋದೆ. ಬಿರುಕಿನ ಅಂಚಿನಲ್ಲಿ ಗೊರಸು ಕೆತ್ತಿದ ಗುರುತು ಇನ್ನೂ ಹಾಗೇ ಇತ್ತು. "ಇದರಾಗ ಕೈ ಹಾಕ್ರಿ ಅಪ್ಪಾ," ಎಂದೆ. ಅಪ್ಪ ಮಂಡಿಯೂರಿ ಕೈ ಇಳಿಸಿದರು. ಮೊಣಕೈ ಮುಳುಗಿತು, ತೋಳು ಮುಳುಗಿತು, ತಳ ಸಿಗಲಿಲ್ಲ. ಮನೆಗೆ ಬಂದು, ಮಣ್ಣಾದ ಕೈ ತೊಳೆಯದೆಯೇ ಅಜ್ಜಿಗೆ ಹೇಳಿದರು: "ಕುದುರಿ ಎಲ್ಲಿಗೂ ಹೋಗಂಗಿಲ್ಲ ಯವ್ವಾ."

ಮಳೆ ಬಿದ್ದು ಬಿರುಕುಗಳು ಮುಚ್ಚಿದವು, ಚಾಂದ್ನಿಯ ಉಳುಕೂ ಇಳಿಯಿತು. ಅವಳನ್ನು ಮತ್ತೆ ಏರಿದ ದಿನ ನಾನು ತಲೆಗೆ ಎಣ್ಣೆ ಹಚ್ಚಿಸಿಕೊಳ್ಳಲಿಲ್ಲ. ಕೂದಲು ಬಿಚ್ಚಿಕೊಂಡು, ಮೊಣಕಾಲಿನಡಿ ಎಲೆ ಸಿಕ್ಕಿಸಿಕೊಂಡು, ಸುಳಿಯ ಮಾತಾಡಿದ ಒಂದೊಂದು ಕಟ್ಟೆಯ ಮುಂದೆಯೂ ಚಾಂದ್ನಿಯನ್ನು ನಿಧಾನವಾಗಿ ನಡೆಸಿದೆ. ಅಂಗಳಕ್ಕೆ ಬಂದು ನೋಡಿದರೆ ಎಲೆ ಬಿದ್ದಿರಲಿಲ್ಲ, ಹರಿದಿರಲಿಲ್ಲ. ಅದನ್ನು ತೆಗೆದುಕೊಳ್ಳಲು ಕೈ ಚಾಚುವವರು ಮಾತ್ರ ಇರಲಿಲ್ಲ. ಆಗ ಅಳು ಬಂತು. ಅಳುತ್ತಲೇ ಕೆಳಗಿಳಿದು, ಎಲೆಯನ್ನು ಹೆಗಲಿಗೆ ಒರೆಸಿ, ಪಡಸಾಲೆಯಲ್ಲಿ ಕುಳಿತಿದ್ದ ಅಜ್ಜಿಯ ಡಬ್ಬಿಯಿಂದಲೇ ಸುಣ್ಣ ತೆಗೆದು ಸವರಿ ಬಾಯಿಗೆ ಹಾಕಿಕೊಂಡೆ.

"ಮದಿವಿ ಆಗದ ಹುಡುಗಿ ಎಲಿ ತಿನ್ನಾಕತ್ತೈತಿ! ಉಗುಳ, ಉಗುಳ ಮೊದಲ!" ಎಂದು ಅಜ್ಜಿ ಚೀರಿದಳು.

"ಇದು ಇಮಾಮಸಾಬರ ಎಲಿ. ಅವರಿಲ್ಲಲ್ಲ, ನಾ ತಿಂತೇನಿ," ಎಂದೆ.

ಎಲೆ ಚಾಂದ್ನಿಯ ಬೆವರಿನಿಂದ ಉಪ್ಪಾಗಿತ್ತು, ಸುಣ್ಣ ಹೆಚ್ಚಾಗಿ ನಾಲಿಗೆ ಸುಟ್ಟಿತು. ಉಗುಳಲಿಲ್ಲ. ಕಣ್ಣು ಮುಚ್ಚಿ, ಅವರು ಮೆಲ್ಲುತ್ತಿದ್ದಷ್ಟೇ ನಿಧಾನವಾಗಿ, ಪೂರಾ ಮೆದ್ದೆ.