ನೀರು ಹೊರದೆ ಹತ್ತಿದ ಬೆಟ್ಟ

ತಿಂಗಳು ಮುಗಿದ ಕ್ಯಾಲೆಂಡರ್ ಹಾಳೆಯನ್ನು ನಾನು ಎಸೆಯುವುದಿಲ್ಲ. ಅದರ ಬಿಳಿ ಬೆನ್ನಿನ ಮೇಲೆ ದಾರಿ ಬರೆಯುತ್ತೇನೆ. ಎಲ್ಲಿಂದ ಎಲ್ಲಿವರೆಗೆ ಸೈಕಲ್, ಎಲ್ಲಿ ಸೈಕಲ್ ಬಿಟ್ಟು ಓಡುವುದು, ಎಲ್ಲಿ ಏರು, ಎಲ್ಲಿ ನಾಯಿ ಕಾಟ, ಎಲ್ಲಿ ಬಿಸಿ ಇಡ್ಲಿ. ತೆಂಗಿನ ತೋಟ ಬಂದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಒಂದು ಸಣ್ಣ ಸುತ್ತು ಹಾಕುತ್ತೇನೆ. ಸುತ್ತು ಇದ್ದರೆ ಅಲ್ಲಿ ನೀರಿದೆ ಎಂದು ಲೆಕ್ಕ.

ನಮ್ಮ ಸೀಮೆಯಲ್ಲಿ ಇದು ಹಿಂದಿನಿಂದ ಬಂದ ನಡವಳಿಕೆ. ಬಾಯಾರಿದವನು ಯಾರದೇ ತೋಟದ ಬದುವಿನಲ್ಲಿ ನಿಂತು ಒಂದು ಕೂಗು ಹಾಕಿ, ಒಂದು ಎಳನೀರು ಕೆಡವಿ ಕುಡಿದು, ಬುರುಡೆಯನ್ನು ಮರದ ಬುಡದಲ್ಲೇ ಬಿಟ್ಟು ಹೋಗಬಹುದು. ಕೈಯಲ್ಲಿ ಹಿಡಿದು ಬದು ದಾಟುವಂತಿಲ್ಲ, ಅಷ್ಟೆ. ಮರದ ಮೇಲಿರುವುದು ದಾರಿಹೋಕನದ್ದೂ ಹೌದು. ಆದರೆ ಒಮ್ಮೆ ಇಳಿಸಿ ಅಟ್ಟಕ್ಕೆ ಸೇರಿಸಿದ ಕಾಯಿ ಮನೆಯವರದ್ದು. ಅದನ್ನು ಮುಟ್ಟಿದವನು ಕಳ್ಳ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಕಾಯಿ ಸುಲಿಯುವುದು ನನ್ನ ಕಸುಬು. ಸುಲಿಯುವ ಕಬ್ಬಿಣದ ಮೊನೆಯನ್ನು ಸೈಕಲ್ಲಿನ ಬಾರಿಗೆ ಕಟ್ಟಿಕೊಂಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರು ತಾಲ್ಲೂಕನ್ನೂ ತುಳಿದಿದ್ದೇನೆ. ಯಾವ ತೋಟದ ಬಾವಿಗೆ ಯಾವ ಕಡೆಯಿಂದ ಇಳಿಯಬೇಕು ಎಂಬುದು ನನ್ನ ಕಾಲಿಗೆ ಗೊತ್ತು. ನಲವತ್ತು ದಾಟಿ, ಕೈಕೆಳಗೆ ನಾಲ್ಕು ಜನ ಸುಲಿಯುವವರು ಬಂದ ಮೇಲೆ, ಹೊಟ್ಟೆಪಾಡಿಗೆ ತುಳಿಯುತ್ತಿದ್ದ ಸೈಕಲ್ಲನ್ನು ಖುಷಿಗೆ ತುಳಿಯತೊಡಗಿದೆ. ಗೇರಿನ ಸೈಕಲ್ ಕೊಂಡೆ. ಬೆಳಕು ಹರಿಯುವ ಹೊತ್ತಿಗೆ ಸಂಪಿಗೆ ಊರು ದಾಟಿ ಹೋಗುವಾಗ ಎರಡೂ ಕಡೆ ತೋಟದ ತಂಪು ಮುಖಕ್ಕೆ ಬಡಿಯುತ್ತದಲ್ಲ, ಅದನ್ನು ಅನುಭವಿಸಿದವನೇ ಬಲ್ಲ. ಸೈಕಲ್ ಹತ್ತದ ಕಡೆ ಓಡಲು ಕಲಿತೆ. ಊರಿನವರು ನಕ್ಕರು. ನಗಲಿ ಬಿಡಿ, ಅವರಲ್ಲಿ ಒಬ್ಬನೂ ನನ್ನ ಹಿಂದೆ ಒಂದು ಮೈಲಿ ಬರಲಾರ.

ಹಿಂದೆ ಬಂದವನು ಒಬ್ಬನೇ, ನನ್ನ ಭಾಮೈದ. ಹೆಂಡತಿಗೆ ಇರುವ ಒಬ್ಬನೇ ತಮ್ಮ. ತಿಪಟೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟುಕೊಂಡು ದಿನವಿಡೀ ಗಾದಿಯ ಮೇಲೆ ಕೂರುವವನು. ಬಾಯಿ ಮುಚ್ಚಿದ್ದನ್ನು ನಾನು ಕಂಡಿಲ್ಲ. ಏರು ಹತ್ತುವಾಗಲೂ ಏದುಸಿರಿನ ನಡುವೆ ಮಂಡಿಯ ಸುದ್ದಿ ಹೇಳುತ್ತಲೇ ಇರುತ್ತಾನೆ. ಡಾಕ್ಟರು ತೂಕ ಇಳಿಸಲು ಹೇಳಿದ್ದೇ ನೆಪ, ಸೈಕಲ್ ಕೊಂಡ, ಬೂಟು ಕೊಂಡ, ಎದೆಬಡಿತ ಎಣಿಸುವ ವಾಚು ಕೊಂಡ. ಬೆನ್ನಿಗೆ ಹಾಕಿಕೊಂಡು ನಳಿಕೆಯಲ್ಲಿ ಹೀರುವ ನೀರಿನ ಚೀಲವನ್ನೂ ಕೊಂಡ.

ಕಳೆದ ಬೇಸಿಗೆಯ ಆ ಭಾನುವಾರ, ನಸುಕಿನಲ್ಲಿ, ಆ ಚೀಲ ತುಂಬಿಕೊಂಡು ನಮ್ಮ ಮನೆಯ ಮುಂದೆ ಬಂದು ನಿಂತ. ಶೆಟ್ಟಿಕೆರೆ ಮೇಲೆ ಚಿಕ್ಕನಾಯಕನಹಳ್ಳಿಯ ಬೆಟ್ಟಸಾಲಿನ ಬುಡದವರೆಗೆ ಸೈಕಲ್, ಅಲ್ಲಿಂದ ಬೆಟ್ಟ ಹತ್ತಿ ಆಚೆ ಇಳಿದು, ಮತ್ತೆ ಹತ್ತಿ ವಾಪಸ್ಸು ಬರುವುದು ನನ್ನ ಹಾಳೆಯ ಲೆಕ್ಕ.

"ಇದೇನ್ಲಾ ಇದು, ಬೆನ್ನಿಗೆ ಕೂಸು ಕಟ್ಕೊಂಡಂಗೆ?" ಅಂದೆ.

"ನೀರು ಭಾವ. ಎರಡು ಲೀಟ್ರು ಹಿಡೀತದೆ."

"ಯಾವ ನಾಡಲ್ಲಿ ಹುಟ್ಟಿದ್ದೀಯಲಾ ನೀನು? ಹೆಜ್ಜೆಗೊಂದು ತೆಂಗಿನ್ಮರ ಐತೆ. ತೆಂಗಿನ ಸೀಮೇಲಿ ನೀರು ಹೊತ್ಕೊಂಡು ಓಡಿದ್ರೆ ಜನ ಉಗೀತಾರೆ. ತೆಗೆದಿಡು ಅತ್ಲಾಗೆ."

ಅವನು ಅಕ್ಕನ ಮುಖ ನೋಡಿದ. ಅವಳು ಬಾಗಿಲಲ್ಲಿ ನಿಂತಿದ್ದಳು. "ಇರ್ಲಿ ಬುಡ್ರೀ, ಅವನ ಬೆನ್ನು, ಅವನ ಚೀಲ, ನಿಮಗೇನು?" ಅಂದಳು. ನಾನು ಹಾಳೆ ಬಿಚ್ಚಿ ಸುತ್ತುಗಳನ್ನು ಒಂದೊಂದಾಗಿ ತೋರಿಸಿದೆ. ಬೆಟ್ಟದ ಆಚೆ ಮಗ್ಗುಲಿನಲ್ಲೂ ಒಂದು ಸುತ್ತಿತ್ತು. ಅದು ಹತ್ತು ವರ್ಷದ ಹಿಂದೆ ನಾನು ಕಾಯಿ ಸುಲಿಯಲು ಹೋಗಿದ್ದ ದೊಡ್ಡ ತೋಟ. ಭಾಮೈದ ಚೀಲ ಕಳಚಿ ಜಗುಲಿಯ ಗೂಟಕ್ಕೆ ನೇತುಹಾಕಿದ.

ಹೊರಡುವಾಗ ಅವಳು ನನಗೆ ಮಾತ್ರ ಕೇಳುವಂತೆ ಹೇಳಿದಳು: "ನಿಮ್ಮ ಮೈ ಕಬ್ಬಿಣ, ಅವಂದು ಬೆಣ್ಣೆ. ಹೋದಂಗೇ ವಾಪಸ್ ಕರ್ಕೊಂಡ್ ಬರ್ಬೇಕು."

"ಬತ್ತೀವಿ ಬುಡು," ಅಂದೆ.

ಹಾಲ್ಕುರಿಕೆ ಕಡೆಯಿಂದ ಬಳಸಿಕೊಂಡು ಹೋದೆವು. ಗಾಳಿ ಇರಲಿಲ್ಲ. ಒಂದು ಗರಿಯೂ ಅಲುಗದೆ ತೋಟಗಳು ನಿಂತಿದ್ದವು. ಶೆಟ್ಟಿಕೆರೆಯ ಹತ್ತಿರ ಗುರುತಿನವರ ತೋಟದಲ್ಲಿ ಎರಡೆರಡು ಎಳನೀರು ಕುಡಿದೆವು. "ನೋಡ್ದೇನ್ಲಾ?" ಅಂದೆ. "ಒಪ್ಪಿದೆ ಭಾವ, ನೀವೇ ಗೆದ್ರಿ," ಅಂದ. ಅಲ್ಲಿಂದ ಮುಂದೆ ಅವನ ತೆಳ್ಳನೆ ಟೈರಿಗೆ ಜಾಲಿ ಮುಳ್ಳು ಹೊಕ್ಕಿತು. ತೇಪೆ ಹಾಕಿದರೆ ಇನ್ನೊಂದು ಕಡೆ ಗಾಳಿ ಹೋಗುತ್ತಿತ್ತು. ಅದು ಸರಿಹೋಗುವಷ್ಟರಲ್ಲಿ ಬಿಸಿಲು ಬಲಿತಿತ್ತು. ಬೆಟ್ಟದ ಬುಡದ ಟೀ ಅಂಗಡಿಯಲ್ಲಿ ಸೈಕಲ್ ನಿಲ್ಲಿಸುವಾಗ ಅಂಗಡಿಯವನು ಆಕಾಶ ನೋಡಿ, ನಮ್ಮನ್ನು ನೋಡಿ, "ಈ ಹೊತ್ನಲ್ಲಾ?" ಎಂದಷ್ಟೇ ಕೇಳಿದ. ಹಿಂತಿರುಗಬೇಕಾಗಿದ್ದ ಜಾಗ ಅದೇ. ಹಾಳೆಯಲ್ಲಿ ಬರೆದ ದಾರಿಯನ್ನು ನಾನು ಯಾವತ್ತೂ ಅರ್ಧಕ್ಕೆ ಬಿಟ್ಟವನಲ್ಲ ಎಂಬ ಜಂಬ ನನ್ನ ಕಾಲಲ್ಲಿತ್ತು.

ಹತ್ತುವಾಗ ಭಾಮೈದ ಮಾತಾಡುತ್ತಿದ್ದ. ಅವನ ಮಂಡಿಗೆ ಬರುವ ಒಬ್ಬ ಮುದುಕ ಪ್ರತಿ ಕೊಬ್ಬರಿ ಉಂಡೆಯನ್ನೂ ಮೂಸಿ ನೋಡಿಯೇ ಚೀಲಕ್ಕೆ ಹಾಕುವ ಕಥೆ. ಕೆಂಪು ಮಣ್ಣಿನ ಬೆಟ್ಟ, ಅದಿರಿನ ಕಲ್ಲು; ಬೂಟಿನ ಅಟ್ಟೆ ದಾಟಿ ಕಾವು ಏರುತ್ತಿತ್ತು. ನೆತ್ತಿ ದಾಟಿ ಆಚೆ ಮಗ್ಗುಲಿಗೆ ಇಳಿಯತೊಡಗಿದೆವು. ನಾನು ಮುಂದೆ, ಅವನು ಹಿಂದೆ. ಸ್ವಲ್ಪ ದೂರ ಹೋದ ಮೇಲೆ ನನಗೆ ಏನೋ ಕಡಿಮೆಯಾಗಿದೆ ಅನ್ನಿಸಿತು. ಹಕ್ಕಿಯ ಸದ್ದೇ? ಗಾಳಿಯೇ? ಅವನ ಮಾತು ನಿಂತುಹೋಗಿತ್ತು.

"ಆಮೇಲೇನಾಯ್ತಲಾ ಆ ಮುದುಕಂದು?"

ತಿರುಗಿ ನೋಡಿದೆ. ಓಡುತ್ತಿರಲಿಲ್ಲ, ಕಾಲೆಳೆದುಕೊಂಡು ಬರುತ್ತಿದ್ದ. ಮುಖ ಕೆಂಪಗೆ ಊದಿಕೊಂಡಂತಿತ್ತು. ಹತ್ತಿರ ಬಂದಾಗ ತೋಳು ಹಿಡಿದೆ. ಕಾದ ಹಂಚು. ಒಂದು ತೊಟ್ಟು ಬೆವರಿಲ್ಲ.

"ಚಳಿ ಭಾವ," ಅಂದ.

ಆ ಬಿಸಿಲಿನಲ್ಲಿ ಅವನ ಕೈಮೇಲಿನ ರೋಮವೆಲ್ಲ ಎದ್ದು ನಿಂತಿತ್ತು.

ಮೊಬೈಲು ತೆಗೆದರೆ ಆ ಕಣಿವೆಯಲ್ಲಿ ಸಿಗ್ನಲ್ ಇಲ್ಲ. ವಾಪಸ್ಸು ಹತ್ತಿಸುವ ಮಾತೇ ಇಲ್ಲ. ಕೆಳಗೆ ತೋಟವಿದೆ, ನೆರಳಿದೆ, ನೀರಿದೆ. ಅಲ್ಲಿವರೆಗೆ ಒಯ್ದರೆ ಸಾಕು. ಅವನ ತೋಳನ್ನು ಹೆಗಲಿಗೆ ಹಾಕಿಕೊಂಡು ಇಳಿದೆ. ಕೊನೆಯ ತಿರುವಿನಲ್ಲಿ ಮರಗಳು ಕಂಡವು.

ಕಂಡವು ಎಂದರೆ, ಕಂಬಗಳು ಕಂಡವು. ಒಂದು ಮರಕ್ಕೂ ತಲೆ ಇರಲಿಲ್ಲ. ಕಪ್ಪುತಲೆ ಹುಳ ಗರಿ ತಿಂದು, ಸುಳಿ ಒಣಗಿ ಬಿದ್ದು, ನೂರಾರು ಬೋಳು ಕಾಂಡಗಳು ಸಾಲಾಗಿ ನಿಂತಿದ್ದವು. ನೆರಳು ಬೀಳಬೇಕಾದ ಕಡೆ ಗೆರೆ ಗೆರೆ ಬಿದ್ದಿತ್ತು. ಮನುಷ್ಯರ ಸುಳಿವಿಲ್ಲ. ಬಾವಿಗೆ ಬಗ್ಗಿ ನೋಡಿದೆ, ತಳದಲ್ಲಿ ಒಣಗಿದ ಗರಿಗಳ ರಾಶಿ. ಪಂಪಿನ ಪೆಟ್ಟಿಗೆ ಬಾಯಿ ತೆರೆದಿತ್ತು, ವೈರು ಕಿತ್ತುಕೊಂಡು ಹೋಗಿದ್ದರು. ನನ್ನ ಹಾಳೆಯ ಸುತ್ತು ಹತ್ತು ವರ್ಷ ಹಳೆಯದಾಗಿತ್ತು.

ಉಳಿದಿದ್ದು ಕಾಯಿ ತುಂಬುವ ಮನೆ ಒಂದೇ. ಬೀಗ ಹಾಕಿತ್ತು. ಸೂರಿನ ಸಂದಿಗೆ ಕೈ ಹಾಕಿದೆ. ನಾನು ಸುಲಿಯಲು ಬರುತ್ತಿದ್ದ ಕಾಲದಲ್ಲಿ ಬೀಗದಕೈ ಇಡುತ್ತಿದ್ದ ಜಾಗದಲ್ಲೇ ಈಗಲೂ ಇತ್ತು. ಭಾಮೈದನನ್ನು ಒಳಗಿನ ತಣ್ಣನೆ ನೆಲದ ಮೇಲೆ ಮಲಗಿಸಿದೆ. ಕಣ್ಣು ಅರ್ಧ ತೆರೆದಿತ್ತು. "ಮಂಡಿ ಬಾಗ್ಲು ತೆಗೀರಿ, ಜನ ಕಾಯ್ತಾವ್ರೆ," ಎಂದು ತೊದಲಿದ. ನನ್ನನ್ನು ಯಾರೆಂದುಕೊಂಡನೋ.

ತಲೆಯ ಮೇಲೆ ಬಿದಿರಿನ ಅಟ್ಟ. ಅಟ್ಟದಲ್ಲಿ ಕಾಯಿ. ಕಳ್ಳತನವಾದರೆ ಆಗಲಿ ಎಂದು ಹತ್ತಿದೆ.

ಅಟ್ಟದ ಕಾಯಿ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇವೆ. ಒಳಗಿನ ನೀರೆಲ್ಲ ಇಂಗಿ ಉಂಡೆ ಚಿಪ್ಪು ಬಿಟ್ಟಿದ್ದರೆ ಗಡಗಡ ಎನ್ನುತ್ತದೆ. ಇಷ್ಟು ವರ್ಷ ಆ ಸದ್ದು ಕೇಳಿ ಖುಷಿಪಟ್ಟವನು ನಾನು. ಕೊಬ್ಬರಿ ಹಣ್ಣಾಗಿದೆ, ಸುಲಿಯಬಹುದು, ಕೆಲಸ ಸಿಕ್ಕಿತು ಎಂದು. ಮೊದಲ ಕಾಯಿ ಅಲ್ಲಾಡಿಸಿದೆ. ಗಡಗಡ. ಇನ್ನೊಂದು, ಗಡಗಡ. ಮೂಲೆಯಿಂದ ಮೂಲೆಗೆ ಮಂಡಿಯೂರಿ ತೆವಳುತ್ತ, ಸಿಕ್ಕ ಸಿಕ್ಕದ್ದನ್ನೆಲ್ಲ ಕಿವಿಗೆ ಹಿಡಿದೆ. ಅಷ್ಟೂ ಕಾಯಿ ಒಣಗಿ ಗಡಗಡ ಎಂದವು. ಕೆಳಗೆ ಭಾಮೈದನ ಉಸಿರು ಜೋರಾಗಿ, ಅವಸರವಾಗಿ ಕೇಳುತ್ತಿತ್ತು.

ಇಳಿದೆ. ಒಳಗೆ ಬಂದ ಕೂಡಲೇ ಬಾಗಿಲ ಹಿಂದಿನ ಮೂಲೆಯಲ್ಲಿ ನಾನು ಇನ್ನೊಂದನ್ನು ಕಂಡಿದ್ದೆ. ಕಂಡರೂ ಕಾಣದವನಂತೆ ಅಟ್ಟ ಹತ್ತಿದ್ದೆ. ಅಲ್ಲಿ ಮರಳು ಹಾಸಿ, ತೊಟ್ಟು ಮೇಲಾಗಿ ಆರು ಕಾಯಿ ನೆಟ್ಟಿಟ್ಟಿದ್ದರು. ಬೀಜದ ಕಾಯಿ. ಮಳೆಗಾಲಕ್ಕೆ ಸಸಿ ಮಾಡಲು ಇಟ್ಟದ್ದು. ಬೀಜಕ್ಕೆ ನೀರು ತುಂಬಿದ ಕಾಯಿಯನ್ನೇ ಆರಿಸುತ್ತಾರೆ. ಹೊರಗೆ ಆ ಬೋಳು ಕಂಬಗಳು. ಇಲ್ಲಿ ಈ ಆರು. ಎಂಥ ಕಳ್ಳನೂ ಬೀಜದ ಕಾಯಿಗೆ ಕೈ ಹಾಕುವುದಿಲ್ಲ. ಒಂದನ್ನು ಎತ್ತಿ ಕಿವಿಗೆ ಹಿಡಿದೆ. ನೀರು ಕುಲುಕಿತು.

ಗೋಡೆಗೆ ಒಂದು ಹಾರೆ ಒರಗಿತ್ತು. ಅದರ ಮೊನೆ ಮೇಲೆ ಮಾಡಿ ಕಾಲಲ್ಲಿ ಅದುಮಿ ಹಿಡಿದು ಸುಲಿದೆ. ಕಣ್ಣು ಮುಚ್ಚಿ ಸುಲಿಯುವವನು ನಾನು, ಅವತ್ತು ಎರಡು ಸಲ ಅಂಗೈ ಹರಿದುಕೊಂಡೆ. ಮೊದಲ ಎರಡು ಕಾಯಿಯ ನೀರನ್ನು ಅವನ ನೆತ್ತಿ, ಕತ್ತು, ಕಂಕುಳಿಗೆ ಸುರಿದು ನನ್ನ ಅಂಗಿಯಿಂದ ಗಾಳಿ ಹಾಕಿದೆ. ಅವನು ಕಣ್ಣು ಹೊರಳಿಸಿ ನನ್ನನ್ನು ನೋಡಿದ ಮೇಲೆ ಇನ್ನೆರಡನ್ನು ಒಡೆದು ಗುಟುಕು ಗುಟುಕಾಗಿ ಕುಡಿಸಿದೆ. ನಾನು ಚಿಪ್ಪು ನೆಕ್ಕಲೂ ಇಲ್ಲ.

ಎರಡು ಉಳಿದಿದ್ದವು. ಅವನ್ನು ಮುಟ್ಟಲಿಲ್ಲ.

"ಇಲ್ಲೇ ಮಲ್ಗಿರು. ಜನ ಕರ್ಕೊಂಡ್ ಬತ್ತೀನಿ. ಎದ್ದೀಯ ಹುಷಾರ್."

"ಅಕ್ಕಂಗೆ ಹೇಳ್ಬ್ಯಾಡಿ ಭಾವ," ಅಂದ. ನಾಲಿಗೆ ಇನ್ನೂ ತೊದಲುತ್ತಿತ್ತು.

ಎರಡು ಮೈಲಿ ಕೆಳಗೆ ನಾಲ್ಕು ಮನೆ ಇವೆ. ಖುಷಿಗೆಂದು ಓಡಿದ ಓಟಗಳೆಲ್ಲ ಆ ಎರಡು ಮೈಲಿಯ ಮುಂದೆ ಸುಳ್ಳು. ಪ್ರತಿ ಹೆಜ್ಜೆಗೂ ಜಗುಲಿಯ ಗೂಟದಲ್ಲಿ ತುಂಬಿಕೊಂಡು ನೇತಾಡುತ್ತಿದ್ದ ಚೀಲ ಕಣ್ಣ ಮುಂದೆ ಬರುತ್ತಿತ್ತು. ಮೊದಲ ಮನೆಯ ಹಿರಿಯರೊಬ್ಬರು ಲಗೇಜ್ ಆಟೋಗೆ ಮೇವು ತುಂಬುತ್ತಿದ್ದರು. ನನ್ನ ಬಾಯಿಂದ ಮಾತು ಪೂರ್ತಿ ಬರುವ ಮೊದಲೇ ಮೇವು ಕೆಳಗೆ ದಬ್ಬಿ, "ಹತ್ತಪ್ಪ" ಅಂದರು. ಬಿಂದಿಗೆ ನೀರು ಇಟ್ಟುಕೊಂಡರು. ದಾರಿಯಲ್ಲಿ ತಿಳಿಯಿತು, ಆ ತೋಟ ಅವರದ್ದೇ; ಆಗ ನಮ್ಮನ್ನು ಸುಲಿಯಲು ಕರೆಸುತ್ತಿದ್ದವನು ಕಾಯಿ ವ್ಯಾಪಾರಿ, ಯಜಮಾನರನ್ನು ನಾನು ಕಂಡಿರಲಿಲ್ಲ. ಬಾಗಿಲ ಬಳಿ ಬಿದ್ದಿದ್ದ ಸುಲಿದ ಮಟ್ಟೆ, ಒಡೆದ ಚಿಪ್ಪು, ಮರಳಿನಲ್ಲಿ ಉಳಿದ ನಾಲ್ಕು ಗುಳಿ, ಎಲ್ಲವನ್ನೂ ಅವರು ಒಂದೇ ನೋಟದಲ್ಲಿ ನೋಡಿದರು. ಭಾಮೈದನ ಕಾಲು ಹಿಡಿದು, "ಎತ್ತು ಆ ಕಡೆ," ಎಂದರು.

ಆಸ್ಪತ್ರೆಯಲ್ಲಿ ಒಂಬತ್ತು ದಿನ. ಇನ್ನು ಸ್ವಲ್ಪ ಹೊತ್ತು ತಡವಾಗಿದ್ದರೆ ಮಾತಾಡುವ ಹಾಗೇ ಇರಲಿಲ್ಲ ಎಂದರು ಡಾಕ್ಟರು. ಕಿಡ್ನಿಗೆ ಪೆಟ್ಟು ಬಿದ್ದಿದೆ, ನಿಧಾನಕ್ಕೆ ಸುಧಾರಿಸಬಹುದು, ಮತ್ತೆ ಬಿಸಿಲಿಗೆ ಒಡ್ಡಿದರೆ ಹೇಳಲಾಗದು. ಹೆಂಡತಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ಗೂಟದಲ್ಲಿದ್ದ ಚೀಲವನ್ನು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ. ಅದರೊಳಗಿನ ನೀರು ಹಸಿರಾಯಿತು.

ಮಳೆ ಶುರುವಾಗುವ ಮೊದಲು ನನ್ನ ಮನೆಯ ಹಿತ್ತಲಿನ ಹಳೇ ಮರದ ಹನ್ನೆರಡು ಕಾಯಿ ಆರಿಸಿ, ಗೋಣಿಯಲ್ಲಿ ಕಟ್ಟಿ, ಸೈಕಲ್ ಕ್ಯಾರಿಯರಿನಲ್ಲಿಟ್ಟು ಆ ಹಿರಿಯರ ಮನೆಗೆ ಹೋದೆ. ಈ ಸಲ ಬೆಟ್ಟ ಬಳಸಿ, ರಸ್ತೆಯಲ್ಲಿ, ನೀರು ಹೊತ್ತುಕೊಂಡು. ಅವರು ಒಂದೊಂದನ್ನೂ ಕಿವಿಗೆ ಹಿಡಿದು ಕುಲುಕಿ ನೋಡಿ ಪಕ್ಕಕ್ಕಿಟ್ಟರು.

"ನೀನು ಒಡ್ದಿದ್ದು ಕೊನೇ ಮರದ್ದು ಕಣಪ್ಪ. ನಮ್ಮಪ್ಪ ನೆಟ್ಟಿದ್ದು. ಅದರ ಸುಳೀನೂ ಈ ಬ್ಯಾಸ್ಗೆ ಹುಟ್ಟೋಕ್ ಮುಂಚೇನೇ ಬಿತ್ತು."

"ಉಳಿದ ಎರಡು?"

"ಒಂದು ಮೊಳಕೆ ಬಂತು," ಎಂದರು. ಆಮೇಲೆ, "ನಿಮ್ ಕಡೀಕೆ ಹುಳ ಬಂದೈತಾ?" ಎಂದು ಕೇಳಿದರು.

ಇಲ್ಲ ಎಂದೆ. ವಾಪಸ್ಸು ಬರುವಾಗ ರಸ್ತೆಯ ಪಕ್ಕದ ತೋಟಗಳ ಕೆಳಗರಿಗಳನ್ನು ನೋಡುತ್ತ ಬಂದೆ. ಶೆಟ್ಟಿಕೆರೆ ದಾಟಿದ ಮೇಲೆ, ನಾವು ಎಳನೀರು ಕುಡಿದಿದ್ದ ತೋಟದಲ್ಲೇ, ಬೆಂಕಿ ತಾಗಿದಂತೆ ಕಂದು ಬಣ್ಣ ಹತ್ತಿತ್ತು. ಮನೆಗೆ ಬಂದು ಹಳೇ ಹಾಳೆಗಳನ್ನೆಲ್ಲ ತೆಗೆದು, ಕಣ್ಣಾರೆ ನೋಡದ ಸುತ್ತುಗಳನ್ನು ಒಂದೊಂದಾಗಿ ಅಳಿಸಿದೆ. ಉಳಿದವು ಕಡಿಮೆ.

ಮೊನ್ನೆ ಭಾಮೈದ ಬಂದ. ತೆಳ್ಳಗಾಗಿದ್ದಾನೆ. ಮಾತು ವಾಪಸ್ಸು ಬಂದಿದೆ, ಮೊದಲಿನಷ್ಟಲ್ಲ. ನಡುನಡುವೆ ನಿಲ್ಲುತ್ತದೆ, ನಿಂತಾಗಲೆಲ್ಲ ನಾನು ತಿರುಗಿ ಅವನ ಕಡೆ ನೋಡುತ್ತೇನೆ. ಜಗುಲಿಯ ಮೇಲೆ ಕೂತು ಗೂಟದ ಚೀಲ ಇಳಿಸಿ, ಹಸಿರು ನೀರು ಚೆಲ್ಲಿ, ಅಂಗಳದ ನಲ್ಲಿಯಲ್ಲಿ ತೊಳೆದು ತಂದ.

"ಭಾವ, ಆ ಬೆಟ್ಟ ಅರ್ಧಕ್ಕೇ ನಿಂತೋಯ್ತು. ಚಳಿಗಾಲದಲ್ಲಿ ಮುಗಿಸ್ಬುಡೋಣ. ಈ ಸಲ ಇದು ನನ್ನ ಬೆನ್ನ ಮೇಲೇ ಇರ್ತದೆ."

ಒಳಗೆ ಹೆಂಡತಿ ಕಾಯಿ ತುರಿಯುತ್ತಿದ್ದ ಸದ್ದು ನಿಂತಿತು.

ಅವತ್ತು ಆ ಟೀ ಅಂಗಡಿಯ ಮುಂದೆ ಆಡಬೇಕಾಗಿದ್ದ ಮಾತನ್ನು ನಾನು ಅವನ ಮುಖ ನೋಡದೆ ಈಗ ಆಡಿದೆ: "ಬ್ಯಾಡ ಕಣ್ಲಾ. ನಂಗೆ ಆಗಕ್ಕಿಲ್ಲ."

ಅವನು ಚೀಲವನ್ನು ಮತ್ತೆ ಅದೇ ಗೂಟಕ್ಕೆ ಹಾಕಿದ. ತುರಿಯುವ ಸದ್ದು ಶುರುವಾಗಲಿ ಎಂದು ಇಬ್ಬರೂ ಕಾಯುತ್ತ ಕೂತೆವು. ಬಹಳ ಹೊತ್ತು ಶುರುವಾಗಲಿಲ್ಲ.